ರೋಮ್‌ನಲ್ಲಿ ರಾಣಿಯರ ನಾಣ್ಯ ನೋಡಲು ಹೋಗುವವರಿಗೆ

ರೋಮ್‌ಗೆ ಹೋದವರಲ್ಲಿ ಜಾಸ್ತಿ ಜನ ಕೊಲೊಸಿಯಂ, ವ್ಯಾಟಿಕನ್ ನೋಡಿ ಹೊರಟುಬಿಡುತ್ತಾರೆ. ಟರ್ಮಿನಿ ರೈಲು ನಿಲ್ದಾಣದ ಪಕ್ಕದಲ್ಲೇ ಪಲಾಝೊ ಮಾಸ್ಸಿಮೊ ಅನ್ನುವ ಮ್ಯೂಸಿಯಂ ಇದೆ. ಇತಿಹಾಸದಲ್ಲಿ ಆಸಕ್ತಿ ಇದ್ದರೆ ಅದಕ್ಕೆ ಅರ್ಧ ದಿನವಾದರೂ ಇಡಿ. ಸೋಮವಾರ ಮುಚ್ಚಿರುತ್ತದೆ, ಅದನ್ನು ನೋಡಿಕೊಂಡೇ ದಿನ ಗೊತ್ತುಮಾಡಿ.

ರೋಮನ್ ರಾಣಿಯರ ಮುಖವಿರುವ ನಾಣ್ಯಗಳಿರುವುದು ನೆಲಮಾಳಿಗೆಯಲ್ಲಿ. ಆದರೆ ಮೊದಲು ಮೇಲಕ್ಕೆ ಹೋಗಿ. ಎರಡನೇ ಮಹಡಿಯಲ್ಲಿ ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಹೆಂಡತಿ ಲಿವಿಯಾಳ ತೋಟದ ಮನೆಯಿಂದ ತಂದ ಗೋಡೆಚಿತ್ರಗಳಿವೆ. ಸುತ್ತಲೂ ದಾಳಿಂಬೆ ಗಿಡ, ಹಕ್ಕಿಗಳು. ಅವಳ ಕಾಲ ಕಣ್ಣಿಗೆ ಕಟ್ಟಿದ ಮೇಲೆ ಕೆಳಗಿಳಿದರೆ ನಾಣ್ಯದ ಮುಖಗಳು ಬೇರೆಯಾಗಿಯೇ ಕಾಣುತ್ತವೆ.

ರೋಮನ್ನರ ಬೆಳ್ಳಿ ನಾಣ್ಯ ದಿನಾರಿಯಸ್ ನಮ್ಮ ಒಂದು ರೂಪಾಯಿಗಿಂತ ಚಿಕ್ಕದು. ಕನ್ನಡಕ ಮರೆಯಬೇಡಿ. ಬರಹ ಓದಲು ಎರಡು ಪದ ಗೊತ್ತಿದ್ದರೆ ಸಾಕು: 'ಆಗಸ್ಟಾ' ಅಂದರೆ ಅರಮನೆಯ ಹೆಣ್ಣಿಗೆ ಕೊಟ್ಟ ಬಿರುದು, 'ದಿವಾ' ಅಂದರೆ ತೀರಿಕೊಂಡ ಮೇಲೆ ದೇವತೆ ಅಂತ ಸಾರಿದ್ದು. ಇಲ್ಲದಿದ್ದರೆ ತಲೆಗೂದಲು ನೋಡಿ. ನೆತ್ತಿಯ ಮೇಲೆ ತುರುಬಿದ್ದರೆ ಚಕ್ರವರ್ತಿ ಆಂಟೊನೈನಸ್‌ನ ಹೆಂಡತಿ ದೊಡ್ಡ ಫಾಸ್ಟೀನಾ. ಕಿವಿ ಮುಚ್ಚುವಂತೆ ಅಲೆಅಲೆಯಾಗಿ ಇಳಿದ ದಟ್ಟ ಕೂದಲಾದರೆ ಸಿರಿಯಾದಿಂದ ಬಂದ ಜೂಲಿಯಾ ಡೊಮ್ನಾ, ಚಕ್ರವರ್ತಿ ಸೆವೆರಸ್‌ನ ಹೆಂಡತಿ, ಇರಬಹುದು.

ನನ್ನ ಮನಸ್ಸು ಹೆಚ್ಚು ಹಿಡಿದದ್ದು ಚಕ್ರವರ್ತಿ ನೀರೋನ ತಾಯಿ ಅಗ್ರಿಪ್ಪಿನಾಳ ಕಥೆ. ಕ್ರಿ.ಶ. 54ರಲ್ಲಿ ಮಗ ಪಟ್ಟಕ್ಕೆ ಬಂದಾಗ ಹೊರಟ ನಾಣ್ಯದಲ್ಲಿ ತಾಯಿ ಮಗ ಎದುರುಬದುರು. ಮುಖಗಳ ಸುತ್ತ ಇರುವುದು ಅವಳ ಹೆಸರು, ಅವಳ ಬಿರುದು. ಚಕ್ರವರ್ತಿಯ ಹೆಸರು ಹಿಂಬದಿಗೆ! 55ರ ನಾಣ್ಯದಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಾರೆ. ಮಗನ ಮುಖ ಮುಂದೆ, ತಾಯಿಯದು ಅದರ ಹಿಂದೆ. ಅವಳ ಹೆಸರು ಹಿಂಬದಿಗೆ ಹೋಗಿದೆ. ಆಮೇಲೆ ರೋಮ್‌ನ ಟಂಕಸಾಲೆಯ ಚಿನ್ನ, ಬೆಳ್ಳಿಯಲ್ಲಿ ಅವಳ ಮುಖವೇ ಇಲ್ಲ. 59ರಲ್ಲಿ ಮಗನೇ ಕೊಲ್ಲಿಸಿದ. ಒಂದು ಹೆಣ್ಣಿನ ಅಧಿಕಾರ ಜಾರಿದ್ದನ್ನು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿ ನೋಡಲು ಸಿಗುತ್ತದೆ ಹೇಳಿ? ಹೋಗುವ ಮೊದಲು ಈ ಎರಡು ನಾಣ್ಯಗಳ ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಿ.

ಆಗಸ್ಟಸ್‌ನ ನಂತರ ಚಕ್ರವರ್ತಿಯಾದ ಟೈಬೀರಿಯಸ್‌ನ ದಿನಾರಿಯಸ್ ಕೂಡ ಬಿಡಬೇಡಿ. ಹಿಂಬದಿಯಲ್ಲಿ ಕೋಲು, ರೆಂಬೆ ಹಿಡಿದು ಕೂತ ಹೆಂಗಸನ್ನು ಅವನ ತಾಯಿ ಲಿವಿಯಾ ಅಂತ ಬಹಳ ಜನ ಗುರುತಿಸುತ್ತಾರೆ. ಈ ಬಗೆಯ ನಾಣ್ಯ ದಕ್ಷಿಣ ಭಾರತದಲ್ಲಿ ರಾಶಿರಾಶಿ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ರೋಮನ್ನರು ನಮ್ಮ ಮೆಣಸು ಕೊಳ್ಳುತ್ತಿದ್ದ ಕಾಲ, ಅಲ್ವಾ?

ಸಂಜೆ ಹಳೇ ರೋಮ್‌ನ ನಡುಚೌಕವಾಗಿದ್ದ ಫೋರಂ ಕಡೆ ಹೋಗಿ. ಫಾಸ್ಟೀನಾ ತೀರಿಕೊಂಡ ಮೇಲೆ ಗಂಡ ಆಂಟೊನೈನಸ್ ಕಟ್ಟಿಸಿದ ಗುಡಿ ಇನ್ನೂ ನಿಂತಿದೆ. ಕಂಬಗಳ ಮೇಲಿನ ಬರಹ ಗಮನಿಸಿ. ಮೊದಲಿದ್ದದ್ದು ಅವಳ ಹೆಸರೊಂದೇ. ಗಂಡನ ಹೆಸರನ್ನು ಅವನು ಸತ್ತ ಮೇಲೆ ಮೇಲಿನ ಸಾಲಿನಲ್ಲಿ ಸೇರಿಸಿದರು. ಫೋರಂಗೆ ಬೇರೆ ಟಿಕೆಟ್ ಬೇಕು.

ಕಾಲು ನೋಯದಿದ್ದರೆ ಅಲ್ಲಿಂದ ಸ್ವಲ್ಪ ನಡೆದು ಸಾನ್ ಜಾರ್ಜೊ ಇಗರ್ಜಿಯ ಗೋಡೆಗೆ ಅಂಟಿಕೊಂಡಿರುವ ಪುಟ್ಟ ಕಮಾನನ್ನೂ ನೋಡಿ. ಕ್ರಿ.ಶ. 204ರದು. ಒಳಗಿನ ಫಲಕದಲ್ಲಿ ಜೂಲಿಯಾ ಡೊಮ್ನಾ ಗಂಡನ ಜೊತೆ ನಿಂತಿದ್ದಾಳೆ. ಪಕ್ಕದಲ್ಲಿದ್ದ ಕಿರಿಯ ಮಗ ಗೇಟಾನನ್ನು ಕೆತ್ತಿ ಅಳಿಸಿದ್ದಾರೆ, ಖಾಲಿ ಜಾಗ ಹಾಗೇ ಇದೆ.

ಬೀದಿಯಲ್ಲಿ ಯಾರಾದರೂ 'ಹಳೇ ನಾಣ್ಯ' ಅಂತ ಕೈಗೆ ಕೊಟ್ಟರೆ ಕೊಳ್ಳಬೇಡಿ. ನಕಲಿಯಾದರೆ ದುಡ್ಡು ದಂಡ. ಅಸಲಿಯಾದರೆ ಅನುಮತಿ ಇಲ್ಲದೆ ಇಟಲಿಯಿಂದ ಹೊರಗೆ ತರುವುದು ಅಪರಾಧವಾಗಬಹುದು.