ಟೀ ಒಲೆ ಮತ್ತು ತಿನ್ನರ್ ಬಕೆಟ್ಟು

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಎರಡು ವರ್ಷ ಸ್ಪ್ರೇ ಪೇಂಟಿಂಗ್ ಮಾಡಿದ್ದೆ. ಮೂಲೆಯಲ್ಲಿ ಬಣ್ಣ ತೆಳು ಮಾಡೋಕೆ ಬೆರೆಸುವ ತಿನ್ನರಿನ 200 ಲೀಟರ್ ಡ್ರಮ್ಮು. ಅದರ ನಲ್ಲಿ ಸದಾ ಸೋರುತ್ತಿತ್ತು, ಕೆಳಗೊಂದು ಬಕೆಟ್ಟು. ಮೊದಲ ವಾರ ತಲೆ ಸಿಡಿಯುತ್ತಿತ್ತು. ಆಮೇಲೆ ವಾಸನೆಯೇ ಗೊತ್ತಾಗಲಿಲ್ಲ. ಅಭ್ಯಾಸ ಆಯ್ತು ಅಂದುಕೊಂಡೆ. ಸೋತಿದ್ದು ಮೂಗು, ಅಷ್ಟೇ. ಸಂಜೆ ಬಸ್ಸಿನಲ್ಲಿ ಕುಡಿದವನ ಹಾಗೆ ತೂಗುತ್ತಿದ್ದೆ. ಓನರ್ ದಿನಾ ಒಂದು ಲೋಟ ಹಾಲು ಕೊಡಿಸುತ್ತಿದ್ದರು, "ಎಲ್ಲಾ ತೊಳ್ಕೊಂಡು ಹೋಗುತ್ತೆ" ಅಂತ. ಉಸಿರಲ್ಲಿ ಒಳಗೆ ಹೋಗಿದ್ದನ್ನು ಹೊಟ್ಟೆಗೆ ಹೋದ ಹಾಲು ಹೇಗೆ ತೊಳೆಯುತ್ತೋ! ಹಾಲೇನೋ ಚೆನ್ನಾಗಿತ್ತು, ಬಿಡಿ.

ಆ ದಿನ ಎಕ್ಸಾಸ್ಟ್ ಫ್ಯಾನ್ ಕೆಟ್ಟಿತ್ತು. ಡ್ರಮ್ಮಿನಿಂದ ಹತ್ತು ಹನ್ನೆರಡು ಅಡಿ ದೂರ, ನೆಲದ ಮೇಲೆ ಕಾಯಿಲ್ ಒಲೆ. ಹುಡುಗ ಟೀಗೆ ಇಟ್ಟ. ಕಾಯಿಲ್ ಕೆಂಪಾಗಿದ್ದೇ ತಡ, ಒಲೆಯ ಬುಡದಿಂದ ಬೆಂಕಿಯ ಗೆರೆಯೊಂದು ನೆಲ ಹಿಡಿದು ಓಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಭುಸ್ ಅಂತ ಬಕೆಟ್ಟು ಹತ್ತಿಕೊಂಡಿತು.

ನಾನು ನೀರಿನ ಕೊಡ ಎತ್ತಿಕೊಂಡೆ. "ನೀರು ಹಾಕ್ಬೇಡ್ವೋ!" ಮೇಸ್ತ್ರಿ ಕಿರುಚಿದರು. ತಿನ್ನರ್ ನೀರಿನ ಮೇಲೆ ತೇಲುತ್ತೆ, ಬೆಂಕಿ ಹೊತ್ತುಕೊಂಡೇ ಶೆಡ್ಡೆಲ್ಲಾ ಹರಡುತ್ತೆ. ಅವರು ಮರಳಿನ ಬಕೆಟ್ಟಿಗೆ ಕೈಹಾಕಿದರೆ ಸಿಕ್ಕಿದ್ದು ಮುಕ್ಕಾಲು ಪಾಲು ಬೀಡಿ ತುಂಡು, ಎಲೆಯಡಿಕೆ ಉಗುಳು. ಅದನ್ನೇ ಸುರಿದರು. ಉಳಿದಿದ್ದನ್ನು ಪಕ್ಕದ ಶೆಡ್ಡಿನವರು ಪೌಡರ್ ಸಿಲಿಂಡರ್ ತಂದು ಆರಿಸಿದರು. ಡ್ರಮ್ಮಿನ ಬಣ್ಣ ಗುಳ್ಳೆ ಎದ್ದಿತ್ತು.

ಡ್ರಮ್ಮಿನ ಜೊತೆ ಬಂದಿದ್ದ ಸುರಕ್ಷತೆಯ ಹಾಳೆ ಆಮೇಲೆ ಸಿಕ್ಕಿತು, ಟೀ ಲೋಟಗಳ ಕೆಳಗೆ. ಇಂಗ್ಲಿಷಿನಲ್ಲಿತ್ತು, ನಿಧಾನಕ್ಕೆ ಓದಿದೆ. ತಿನ್ನರಿನಲ್ಲಿ ಹೆಚ್ಚಿದ್ದದ್ದು ಟೊಲ್ಯೂಯಿನ್ ಅನ್ನೋ ರಾಸಾಯನಿಕ. 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಕಿಡಿ ತಾಗಿದರೆ ಹತ್ತುವಷ್ಟು ಆವಿ ಬಿಡುತ್ತೆ. ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲಕ್ಕೆ ಹೋಗದೆ ಪಾದದ ಮಟ್ಟದಲ್ಲೇ ತೆವಳಿಕೊಂಡು ಒಲೆಯ ತನಕ ಬಂದಿತ್ತು. ನಾವು ಅದರಲ್ಲೇ ಚಪ್ಪಲಿ ಎಳೆದುಕೊಂಡು ಓಡಾಡಿದ್ದೆವು.

ಮರುದಿನ ಒಲೆ ಹೊರಗೆ ಹೋಯ್ತು, ನಲ್ಲಿಗೆ ಹೊಸ ವಾಷರ್ ಬಂತು. ಸಂಜೆ ಮೇಸ್ತ್ರಿ ಬನಿಯನ್ ವೇಸ್ಟನ್ನು ತಿನ್ನರಿಗೆ ಅದ್ದಿ, ರೋಮ ಸುಟ್ಟುಹೋಗಿದ್ದ ಕೈಗಳ ಬಣ್ಣ ಉಜ್ಜತೊಡಗಿದರು. ಚರ್ಮ ಬೂದಿ ಬಳಿದ ಹಾಗೆ ಬೆಳ್ಳಗಾಯಿತು.

"ಅಣ್ಣಾ, ಅದು ಚರ್ಮದಿಂದಲೂ ಒಳಗೆ ಹೋಗುತ್ತಂತೆ. ಹಾಳೆಯಲ್ಲಿ ಬರೆದಿದೆ."

"ಸೋಪಿಗೆ ಹೋಗಲ್ಲ ಮಗಾ" ಅಂದು ಬಟ್ಟೆ ನನ್ನ ಕಡೆ ಚಾಚಿದರು. ಬಸ್ಸಿಗೆ ಹೊತ್ತಾಗಿತ್ತು. ಇಸ್ಕೊಂಡೆ.