'ದ್ಯಾನ್' (than) ಆದ ಮೇಲೆ ಏನಿದೆ ನೋಡಿ: ಮಳೆಗಾಲದ ಇಂಗ್ಲಿಷ್ ಅಭ್ಯಾಸ, ಇಲ್ಲಿಯವರೆಗೆ

ಜೂನ್, ಮೊದಲ ವಾರ

ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಹಂತದ ಪರೀಕ್ಷೆಯಲ್ಲಿ, ಇಂಗ್ಲಿಷ್‌ಗೆ 30 ಪ್ರಶ್ನೆ, 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಲೆಕ್ಕ, ರೀಸನಿಂಗ್ ಎರಡನ್ನೂ ಕನ್ನಡದಲ್ಲೇ ಓದಿ ಉತ್ತರಿಸಬಹುದು. ಇಂಗ್ಲಿಷ್ ಭಾಗಕ್ಕೆ ಮಾತ್ರ ಆ ಅನುಕೂಲ ಇಲ್ಲ, ಇರೋಕೂ ಸಾಧ್ಯವಿಲ್ಲ ಬಿಡಿ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಹಾಗಾಗಿ ಈ ಮಳೆಗಾಲಕ್ಕೆ ಒಂದು ಕೆಲಸ ಹಾಕಿಕೊಂಡಿದ್ದೇವೆ. ನಾನು ಸುಂಟಿಕೊಪ್ಪದ ಹತ್ತಿರ ಇರುವುದು, ಗೆಳತಿ ಗೋಣಿಕೊಪ್ಪದ ಕಡೆ. ವಾರಕ್ಕೊಂದು ಇಂಗ್ಲಿಷ್ ಪ್ಯಾಸೇಜ್ ನಾವೇ ಬರೆಯಬೇಕು. ಅದಕ್ಕೆ ಪ್ರಶ್ನೆ, ನಾಲ್ಕು ನಾಲ್ಕು ಆಯ್ಕೆ ಎಲ್ಲ ನಾವೇ ಮಾಡಬೇಕು. ಫೋಟೊ ತೆಗೆದು ಒಬ್ಬರಿಗೊಬ್ಬರು ಕಳಿಸಬೇಕು. ವಿಷಯ ಕೊಡಗಿನದ್ದೇ ಆಗಿರಬೇಕು. ಜೊತೆಗೆ ಒಂದು ಷರತ್ತು: ಪ್ರತಿ ಪ್ಯಾಸೇಜಿನಲ್ಲೂ ಹೋಲಿಕೆಯ ವಾಕ್ಯಗಳು, ಅಂದರೆ ಡಿಗ್ರೀಸ್ ಆಫ್ ಕಂಪ್ಯಾರಿಸನ್, ಧಾರಾಳವಾಗಿ ಬರಬೇಕು.

ಗ್ರಾಮರ್ ಬೇರೆ, ಕಾಂಪ್ರಹೆನ್ಶನ್ (ಪ್ಯಾಸೇಜ್ ಓದಿ ಉತ್ತರಿಸುವುದು) ಬೇರೆ ಅಂತ ಗೈಡ್‌ಗಳಲ್ಲಿ ಬೇರೆ ಬೇರೆ ಅಧ್ಯಾಯ ಮಾಡಿರುತ್ತಾರೆ. ಹಳೇ ಪ್ರಶ್ನೆಪತ್ರಿಕೆ ತಿರುವಿ ಹಾಕಿದರೆ ನನಗೆ ಹಾಗನ್ನಿಸುವುದಿಲ್ಲ. ಪ್ಯಾಸೇಜಿನಲ್ಲಿ ಪ್ರಶ್ನೆ ಹುಟ್ಟುವುದೇ ಹೆಚ್ಚಾಗಿ ಹೋಲಿಕೆ ಇರುವ ಸಾಲಿನಲ್ಲಿ. ಯಾವುದು ಜಾಸ್ತಿ, ಯಾವುದು ಕಡಿಮೆ, ಯಾವುದಕ್ಕಿಂತ. ಎರಡನ್ನೂ ಒಟ್ಟಿಗೆ ಮಾಡೋಣ ಅಂತ ಹೊರಟಿದ್ದು ಅದಕ್ಕೇ. ಗೈಡ್‌ನಲ್ಲಿರುವ ಜಾಗತೀಕರಣದ ಪ್ಯಾಸೇಜ್ ಓದುತ್ತಾ ಕೂತರೆ ನಾಲ್ಕನೇ ಸಾಲಿಗೇ ನಿದ್ದೆ ಬರುತ್ತದೆ ಅನ್ನುವುದೂ ಒಂದು ಕಾರಣ.

ಜೂನ್, ಎರಡನೇ ವಾರ

ಮೂಲ ನಿಯಮಗಳನ್ನು ಬೇಗ ಮುಗಿಸಿದೆವು. ಚಿಕ್ಕ ಪದಕ್ಕೆ ಇಆರ್, ಇಎಸ್‌ಟಿ. ಉದ್ದದ್ದಕ್ಕೆ ಮೋರ್, ಮೋಸ್ಟ್. ಗುಡ್, ಬ್ಯಾಡ್, ಲಿಟಲ್‌ನಂಥವು ಬಾಯಿಪಾಠ. ಎರಡು ವಿಷಯಕ್ಕೆ ಮಾತ್ರ ಗೆರೆ ಎಳೆದಿಟ್ಟಿದ್ದೇವೆ. ಒಂದು, ಮೋರ್ ಬೆಟರ್, ಮೋರ್ ಟಾಲರ್ ಇಲ್ಲ. ಕನ್ನಡದಲ್ಲಿ ವಿಶೇಷಣದ ರೂಪ ಬದಲಾಗುವುದಿಲ್ಲ, 'ಇನ್ನೂ' ಅಂತ ಮುಂದೆ ಹಾಕಿದರೆ ಸಾಕು. ಅದೇ ರೂಢಿಯಲ್ಲಿ ಮೋರ್ ತಾನಾಗಿ ಬಾಯಿಗೆ ಬರುತ್ತದೆ. ಇನ್ನೊಂದು, ವೆರಿ ಟಾಲರ್ ಅನ್ನುವಂತಿಲ್ಲ, ಮಚ್ ಟಾಲರ್ ಅನ್ನಬೇಕು. ಎರರ್ ಸ್ಪಾಟಿಂಗ್‌ನಲ್ಲಿ, ಅಂದರೆ ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ, ಇವೆರಡೂ ಮತ್ತೆ ಮತ್ತೆ ಬರುತ್ತವೆ. ಬಂದರೆ ಪುಕ್ಕಟೆ ಅಂಕ.

ಜೂನ್ ಕೊನೆ: ಬೆಟ್ಟಗಳು

ಮೊದಲ ಪ್ಯಾಸೇಜ್ ನನ್ನದು. ಕೊಡಗಿನ ಬೆಟ್ಟಗಳ ಮೇಲೆ. ತಡಿಯಂಡಮೋಳ್ 1,748 ಮೀಟರ್, ಪುಷ್ಪಗಿರಿ 1,712 ಮೀಟರ್, ಬ್ರಹ್ಮಗಿರಿ 1,608 ಮೀಟರ್. ಹೋಲಿಕೆಗೆ ಇದಕ್ಕಿಂತ ಒಳ್ಳೆ ಸಾಮಾನು ಬೇಕಾ?

'ತಡಿಯಂಡಮೋಳ್ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕೊಡಗು.' ಕೇಳೋಕೆ ಸರಿಯಾಗೇ ಇದೆ ಅಲ್ವಾ? ಪರೀಕ್ಷೆಯಲ್ಲಿ ಇದು ತಪ್ಪು. ತಡಿಯಂಡಮೋಳ್ ಕೂಡ ಕೊಡಗಿನ ಬೆಟ್ಟವೇ. ಅದು ತನಗಿಂತ ತಾನೇ ಎತ್ತರ ಇರೋಕೆ ಆಗುವುದಿಲ್ಲ. ಹಾಗಾಗಿ 'ಎನಿ ಅದರ್ ಪೀಕ್' ಅನ್ನಬೇಕು. ನಾವು ಕನ್ನಡದಲ್ಲಿ 'ಕೊಡಗಿನ ಎಲ್ಲಾ ಬೆಟ್ಟಗಳಿಗಿಂತ ತಡಿಯಂಡಮೋಳ್ ಎತ್ತರ' ಅಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಇಂಗ್ಲಿಷ್ ಪರೀಕ್ಷೆಯವರು ತೆಗೆಯುತ್ತಾರೆ.

ಆದರೆ 'ಅದರ್' ಅನ್ನು ಎಲ್ಲ ಕಡೆ ಸುರಿಯುವಂತೆಯೂ ಇಲ್ಲ. ಮುಳ್ಳಯ್ಯನಗಿರಿ ಇರುವುದು ಚಿಕ್ಕಮಗಳೂರಿನಲ್ಲಿ. ಅದನ್ನು ಕೊಡಗಿನ ಬೆಟ್ಟಗಳ ಜೊತೆ ಹೋಲಿಸಿದರೆ 'ಹೈಯರ್ ದ್ಯಾನ್ ಎನಿ ಪೀಕ್ ಇನ್ ಕೊಡಗು' ಅನ್ನುವುದೇ ಸರಿ. ಅದು ಆ ಗುಂಪಿನಲ್ಲಿಲ್ಲ, ಹೊರಗಿಡುವ ಪ್ರಶ್ನೆಯೇ ಬರುವುದಿಲ್ಲ. ಅದೇ ಮುಳ್ಳಯ್ಯನಗಿರಿಯನ್ನು ಕರ್ನಾಟಕದ ಬೆಟ್ಟಗಳ ಜೊತೆ ಹೋಲಿಸಿದ ಕೂಡಲೇ 'ಅದರ್' ವಾಪಸ್ ಬರಬೇಕು. ಒಂದೇ ಬೆಟ್ಟ, ಗುಂಪು ಬದಲಾದರೆ ವಾಕ್ಯ ಬದಲಾಗುತ್ತದೆ. ಇದು ತಲೆಗೆ ಹೋದ ಮೇಲೆ ಗೆಳತಿಗೆ ವಾಯ್ಸ್ ಮೆಸೇಜ್ ಹಾಕಿ ಹಾಕಿ ತಲೆ ತಿಂದಿದ್ದೇನೆ.

ತಂಗಿ ಎಸ್ಸೆಸ್ಸೆಲ್ಸಿ. ಅವಳಿಗೂ ಡಿಗ್ರಿ ಬದಲಾಯಿಸಿ ಬರೆಯುವ ಅಭ್ಯಾಸ ಇದೆ. ಅವಳ ನೋಟ್ಸಿಗೂ ಇದೇ ಬೆಟ್ಟಗಳು ಹೋದವು. ತಡಿಯಂಡಮೋಳ್‌ಗೆ 'ನೋ ಅದರ್ ಪೀಕ್ ಇನ್ ಕೊಡಗು ಈಸ್ ಆ್ಯಸ್ ಹೈ ಆ್ಯಸ್', 'ಹೈಯರ್ ದ್ಯಾನ್ ಎನಿ ಅದರ್', 'ದ ಹೈಯೆಸ್ಟ್' ಮೂರೂ ಸಲೀಸು. ಪುಷ್ಪಗಿರಿಗೆ ಬಂದಾಗ ಅವಳು ನಿಂತಳು. ಅದು ಎರಡನೆಯದು, ಹೈಯೆಸ್ಟ್ ಅನ್ನುವ ಹಾಗಿಲ್ಲ. ಅಲ್ಲಿ ಬೇಕಾಗುವುದು 'ಒನ್ ಆಫ್ ದ ಹೈಯೆಸ್ಟ್ ಪೀಕ್ಸ್'. ಪೀಕ್ಸ್ ಅಂತ ಬಹುವಚನ ಮರೆಯಬಾರದು, ಪ್ರಶ್ನೆ ಕೇಳುವವರು ಕಾಯುವುದೇ ಅದಕ್ಕೆ. ಕಂಪ್ಯಾರಟಿವ್‌ಗೆ, ಅಂದರೆ ದ್ಯಾನ್ ಬರುವ ರೂಪಕ್ಕೆ, ಇಳಿಸಿದರೆ 'ಹೈಯರ್ ದ್ಯಾನ್ ಮೋಸ್ಟ್ ಅದರ್ ಪೀಕ್ಸ್'. ಪಾಸಿಟಿವ್‌ಗೆ, ಅಂದರೆ ವಿಶೇಷಣದ ಮೂಲ ರೂಪಕ್ಕೆ, ಬಂದರೆ 'ವೆರಿ ಫ್ಯೂ ಪೀಕ್ಸ್ ಇನ್ ಕೊಡಗು ಆರ್ ಆ್ಯಸ್ ಹೈ ಆ್ಯಸ್ ಪುಷ್ಪಗಿರಿ'. ಎರಡು ಬೆಟ್ಟ ಇಟ್ಟುಕೊಂಡು ಮಾಡಿದ್ದು ಒಂದು ಪುಟ ನಿಯಮ ಓದಿದ್ದಕ್ಕಿಂತ ಚೆನ್ನಾಗಿ ಕೂತಿದೆ, ಅವಳೇ ಹೇಳಿದ್ದು.

ಜುಲೈ: ಮಳೆಯನ್ನು ಊರಿಗೆ ಹೋಲಿಸುವುದು

ಈ ತಿಂಗಳು ಕರೆಂಟಿಲ್ಲದ ದಿನಗಳೇ ಜಾಸ್ತಿ. ಗೆಳತಿ ಮಳೆಯ ಮೇಲೇ ಪ್ಯಾಸೇಜ್ ಬರೆದಳು. ಅದರಲ್ಲಿ ಬೇಕಂತಲೇ ಒಂದು ತಪ್ಪು ವಾಕ್ಯ ಇಟ್ಟಿದ್ದಳು: 'ದ ರೇನ್‌ಫಾಲ್ ಆಫ್ ಭಾಗಮಂಡಲ ಈಸ್ ಹೆವಿಯರ್ ದ್ಯಾನ್ ಕುಶಾಲನಗರ.' ಕನ್ನಡದಲ್ಲಿ ದಿನಾ ಆಡುವ ಮಾತು ಇದು. 'ಭಾಗಮಂಡಲದ ಮಳೆ ಕುಶಾಲನಗರಕ್ಕಿಂತ ಜಾಸ್ತಿ' ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಒಂದು ಘಟ್ಟದ ಬುಡದಲ್ಲಿದೆ, ಇನ್ನೊಂದು ಪೂರ್ವದ ಬಯಲಿನ ಕಡೆ ಇದೆ, ಮಳೆಗೆ ಮಳೆಯನ್ನೇ ಹೋಲಿಸುತ್ತಿದ್ದೇವೆ ಅಂತ ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷ್ ವ್ಯಾಕರಣ ಹಾಗೆ ತುಂಬಿಕೊಳ್ಳಲು ಒಪ್ಪುವುದಿಲ್ಲ. ಈ ವಾಕ್ಯದಲ್ಲಿ ಭಾಗಮಂಡಲದ ಮಳೆಯನ್ನು ಕುಶಾಲನಗರ ಅನ್ನುವ ಊರಿನ ಜೊತೆ ತೂಗಿದಂತಾಯಿತು. ಕರಿಮೆಣಸು ತೂಗುವಾಗ ಒಂದು ತಟ್ಟೆಯಲ್ಲಿ ಮೆಣಸು, ಇನ್ನೊಂದರಲ್ಲಿ ಬಟ್ಟಿನ ಬದಲು ಅಂಗಡಿಯವನನ್ನೇ ಕೂರಿಸಿದ ಹಾಗೆ. 'ದ್ಯಾನ್ ದಟ್ ಆಫ್ ಕುಶಾಲನಗರ' ಅಂದರೆ ಸರಿಯಾಯಿತು.

ಬಹುವಚನ ಇದ್ದರೆ ದೋಸ್ ಆಫ್. 'ದ ಲೀವ್ಸ್ ಆಫ್ ರೋಬಸ್ಟಾ ಆರ್ ಲಾರ್ಜರ್ ದ್ಯಾನ್ ದೋಸ್ ಆಫ್ ಅರೇಬಿಕಾ.' ತೋಟಕ್ಕೆ ಇಳಿದರೆ ಈ ವಾಕ್ಯವನ್ನು ಕೈಯಲ್ಲೇ ಹಿಡಿದು ನೋಡಬಹುದು.

ಈಗ ಎರರ್ ಸ್ಪಾಟಿಂಗ್ ಬಂದರೆ ಇಬ್ಬರದೂ ಒಂದೇ ಅಭ್ಯಾಸ: ಮೊದಲು ದ್ಯಾನ್ ಹುಡುಕುವುದು. ಅದರ ಬಲಗಡೆ ಏನಿದೆ, ಎಡಗಡೆ ಏನಿದೆ, ಎರಡೂ ಒಂದೇ ಜಾತಿಯವಾ ಅಂತ ನೋಡುವುದು. ಅರ್ಧಕ್ಕರ್ಧ ತಪ್ಪು ಅಲ್ಲೇ ಸಿಗುತ್ತದೆ.

ದ್ಯಾನ್ ಬರಲೇಬಾರದ ಒಂದು ಗುಂಪೂ ಇದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್. ಲ್ಯಾಟಿನ್‌ನಿಂದ ಬಂದ ಇವುಗಳಿಗೆ ಟು ಹಾಕಬೇಕು. ಪ್ರಿಫರ್‌ಗೂ ಅಷ್ಟೇ. ಇದಕ್ಕೆ ನಮ್ಮಲ್ಲಿ ಉದಾಹರಣೆಗೆ ಬರವಾ? ಕಾರ್ಯಪ್ಪ ಹುಟ್ಟಿದ್ದು 1899ರಲ್ಲಿ, ತಿಮ್ಮಯ್ಯ 1906ರಲ್ಲಿ. ಕಾರ್ಯಪ್ಪ 1949ರಲ್ಲಿ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ತಿಮ್ಮಯ್ಯ 1957ರಲ್ಲಿ ಸೇನಾ ಮುಖ್ಯಸ್ಥರಾದರು. 'ಕಾರ್ಯಪ್ಪ ವಾಸ್ ಸೀನಿಯರ್ ಟು ತಿಮ್ಮಯ್ಯ', ಆದರೆ 'ಸೆವೆನ್ ಇಯರ್ಸ್ ಓಲ್ಡರ್ ದ್ಯಾನ್ ತಿಮ್ಮಯ್ಯ'. ಒಂದೇ ಜೋಡಿ, ಒಂದಕ್ಕೆ ಟು, ಇನ್ನೊಂದಕ್ಕೆ ದ್ಯಾನ್. ಮಡಿಕೇರಿಯಲ್ಲಿ ಬಸ್ಸು ತಿಮ್ಮಯ್ಯ ಸರ್ಕಲ್ ದಾಟುವಾಗಲೆಲ್ಲ ಈ ಎರಡು ವಾಕ್ಯ ತಾನಾಗಿ ನೆನಪಾಗುತ್ತದೆ.

'ಸುಪೀರಿಯರ್ ಟು' ಅಭ್ಯಾಸಕ್ಕೆ ನಾನು 'ಅರೇಬಿಕಾ ಈಸ್ ಸುಪೀರಿಯರ್ ಟು ರೋಬಸ್ಟಾ' ಅಂತ ಬರೆದು ಕಳಿಸಿದ್ದೆ. ವ್ಯಾಕರಣಕ್ಕೆ ಯಾವ ಆಕ್ಷೇಪವೂ ಬರಲಿಲ್ಲ. ವಿಷಯಕ್ಕೆ ಗೆಳತಿಯ ಅಪ್ಪನಿಂದ ಬಂತು. ಅವರದು ಪೂರ್ತಿ ರೋಬಸ್ಟಾ ತೋಟ.

ಜುಲೈ ಕೊನೆ: ಕಾಫಿ ಪ್ಯಾಸೇಜ್

ಆ ಜಗಳದಿಂದಲೇ ಮುಂದಿನ ಪ್ಯಾಸೇಜ್ ಹುಟ್ಟಿತು. ಇಲ್ಲಿಯವರೆಗೆ ಮಾಡಿದ್ದರಲ್ಲಿ ಜಾಸ್ತಿ ಕಲಿಸಿದ್ದು ಇದೇ. ಅದರ ಮುಖ್ಯ ಸಾಲು ಹೀಗಿತ್ತು: 'ರೋಬಸ್ಟಾ ಹ್ಯಾಸ್ ನಿಯರ್ಲಿ ಟ್ವೈಸ್ ಆ್ಯಸ್ ಮಚ್ ಕೆಫೀನ್ ಆ್ಯಸ್ ಅರೇಬಿಕಾ. ಅರೇಬಿಕಾ ಈಸ್ ಗ್ರೋನ್ ಅಟ್ ಹೈಯರ್ ಆಲ್ಟಿಟ್ಯೂಡ್ಸ್ ಆ್ಯಂಡ್ ಈಸ್ ಮೋರ್ ವಲ್ನರಬಲ್ ಟು ದ ವೈಟ್ ಸ್ಟೆಮ್ ಬೋರರ್.' ವೈಟ್ ಸ್ಟೆಮ್ ಬೋರರ್ ಅಂದರೆ ನಮ್ಮ ಬಿಳಿ ಕಾಂಡಕೊರಕ, ಅರೇಬಿಕಾ ಇಟ್ಟವರಿಗೆ ಬೇರೆ ಪರಿಚಯ ಬೇಡ.

ಪ್ಯಾಸೇಜ್ ಪ್ರಕಾರ ಯಾವುದು ಸರಿ ಅನ್ನುವುದು ಪ್ರಶ್ನೆ. ಮೊದಲ ಆಯ್ಕೆ, ಅರೇಬಿಕಾದಲ್ಲಿ ಕೆಫೀನ್ ರೋಬಸ್ಟಾದ ಸುಮಾರು ಅರ್ಧ. ಎರಡನೆಯದು, ಕಾಂಡಕೊರಕದ ಕಾಟ ರೋಬಸ್ಟಾಗೇ ಜಾಸ್ತಿ. ಮೂರನೆಯದು, ಕೊಡಗಿನ ಎಲ್ಲ ಬೆಳೆಗಳಲ್ಲಿ ಕೀಟಕ್ಕೆ ಅತಿ ಸುಲಭವಾಗಿ ತುತ್ತಾಗುವುದು ಅರೇಬಿಕಾ. ನಾಲ್ಕನೆಯದು, ರೋಬಸ್ಟಾಗೆ ಕಾಂಡಕೊರಕ ಬರುವುದೇ ಇಲ್ಲ.

ಸರಿ ಉತ್ತರ ಮೊದಲನೆಯದು. ಎರಡನೆಯದರಲ್ಲಿ ಎರಡು ಹೆಸರು ಅದಲುಬದಲಾಗಿವೆ. ಮೂರನೆಯದರಲ್ಲಿ ಮೋರ್ ಅನ್ನು ಮೋಸ್ಟ್‌ಗೆ ಏರಿಸಿ ಇಡೀ ಜಿಲ್ಲೆಯ ಬೆಳೆಗಳನ್ನು ಎಳೆದು ತಂದಿದ್ದೇನೆ. ಗೆಳತಿ ಗುರುತು ಹಾಕಿದ್ದು ನಾಲ್ಕನೆಯದಕ್ಕೆ. ಅವರ ತೋಟದಲ್ಲಿ ಬೋರರ್ ಕಾಟ ಅಂತ ಯಾರೂ ಮಾತಾಡಿದ್ದೇ ಇಲ್ಲ, ಹಾಗಾಗಿ ಅವಳಿಗೆ ಅದು ಸತ್ಯದಂತೆ ಕಂಡಿದೆ. ಆದರೆ ಪ್ಯಾಸೇಜಿನಲ್ಲಿರುವುದು 'ಮೋರ್ ವಲ್ನರಬಲ್' ಅಷ್ಟೇ. ಅದರಿಂದ ಇನ್ನೊಂದಕ್ಕೆ ಕಡಿಮೆ ಅಂತ ಹೇಳಬಹುದು, ಇಲ್ಲವೇ ಇಲ್ಲ ಅಂತ ಹೇಳುವ ಹಾಗಿಲ್ಲ.

ಊರಿನ ವಿಷಯ ಇಟ್ಟುಕೊಂಡರೆ ಓದು ಸುಲಭವಾಗುತ್ತದೆ ಅಂದುಕೊಂಡು ಶುರು ಮಾಡಿದ್ದು. ಓದು ಸುಲಭವಾಗಿದೆ, ಉತ್ತರ ಕಷ್ಟವಾಗಿದೆ. ಗೊತ್ತಿರುವ ವಿಷಯ ಆದರೆ ಪೇಪರ್ ಬಿಟ್ಟು ತಲೆಯಿಂದ ಉತ್ತರ ಬರೆಯುತ್ತೇವೆ. ನನ್ನ ಪ್ರಕಾರ ಇದು ಒಳ್ಳೆಯದೇ ಆಯಿತು. ಪರಿಚಯವಿಲ್ಲದ ವಿಷಯದಲ್ಲಿ ಈ ಚಟ ಕಾಣಿಸಿಕೊಳ್ಳುವುದೇ ಇಲ್ಲ.

ಆಗಸ್ಟ್: ಜಿಲ್ಲೆಯ ಪ್ಯಾಸೇಜ್

ಈ ಸಲ ಅಂಕಿಅಂಶ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ರಾಜ್ಯದ ಜಿಲ್ಲೆಗಳಲ್ಲಿ ಅತಿ ಕಡಿಮೆ. ವಿಸ್ತೀರ್ಣ 4,102 ಚದರ ಕಿಲೋಮೀಟರ್. ಸಾವಿರ ಗಂಡಸರಿಗೆ 1,019 ಹೆಂಗಸರು.

'ಕೊಡಗು ಹ್ಯಾಡ್ ಫ್ಯೂಯರ್ ಪೀಪಲ್ ದ್ಯಾನ್ ಎನಿ ಅದರ್ ಡಿಸ್ಟ್ರಿಕ್ಟ್ ಇನ್ ಕರ್ನಾಟಕ' ಅನ್ನುವುದು ಪ್ಯಾಸೇಜಿನ ಸಾಲು. ಎಣಿಸಬಹುದಾದ್ದಕ್ಕೆ ಫ್ಯೂಯರ್, ಲೆಸ್ ಅಲ್ಲ. ಆಯ್ಕೆಯಲ್ಲಿ ಹಾಕಿದ್ದು 'ದ ಸ್ಮಾಲೆಸ್ಟ್ ಡಿಸ್ಟ್ರಿಕ್ಟ್'. ಜನ ಕಡಿಮೆ ಅಂದ ಮಾತ್ರಕ್ಕೆ ಜಿಲ್ಲೆ ಚಿಕ್ಕದಾಗುವುದಿಲ್ಲ. ವಿಸ್ತೀರ್ಣದಲ್ಲಿ ಬೆಂಗಳೂರು ನಗರ ಜಿಲ್ಲೆ, ಉಡುಪಿ ಎರಡೂ ಕೊಡಗಿಗಿಂತ ಚಿಕ್ಕವು. ಹೋಲಿಕೆಯ ಅಳತೆಗೋಲನ್ನೇ ಬದಲಾಯಿಸುವ ಈ ಥರದ ಆಯ್ಕೆ ಬಹಳ ಮೋಸದ್ದು. ಪದಗಳೆಲ್ಲ ಪ್ಯಾಸೇಜಿನವೇ ಇರುತ್ತವೆ, ಕಣ್ಣು ಹೌದು ಅಂದುಬಿಡುತ್ತದೆ.

ಇನ್ನೊಂದು ಆಯ್ಕೆ, ರಾಜ್ಯದಲ್ಲಿ ಅತಿ ಹೆಚ್ಚು ಲಿಂಗಾನುಪಾತ ಕೊಡಗಿನದ್ದು ಅಂತ. ನಿಜಕ್ಕೂ ಅದು ಉಡುಪಿಯದ್ದು, 1,094. ಆದರೆ ಉಡುಪಿ ಗೊತ್ತಿಲ್ಲದಿದ್ದರೂ ಈ ಆಯ್ಕೆಯನ್ನು ಹೊಡೆದುಹಾಕಬಹುದು. ಹೆಂಗಸರು ಗಂಡಸರಿಗಿಂತ ಹೆಚ್ಚು ಅಂತಷ್ಟೇ ಪ್ಯಾಸೇಜ್ ಹೇಳಿದೆ, ಬೇರೆ ಜಿಲ್ಲೆಯ ಸುದ್ದಿಯನ್ನೇ ಎತ್ತಿಲ್ಲ. ಈ ಸಲ ಗೆಳತಿ ಮೊದಲು ಹೊಡೆದುಹಾಕಿದ್ದೇ ಇದನ್ನು.

ಆಗಸ್ಟ್ ಕೊನೆ: ಈಗ ಎಲ್ಲಿದ್ದೇವೆ

ಮಾಕ್ ಟೆಸ್ಟ್‌ಗಳಲ್ಲಿ ಎರರ್ ಸ್ಪಾಟಿಂಗ್ ಈಗ ನಮ್ಮನ್ನು ತಡೆದು ನಿಲ್ಲಿಸುವುದಿಲ್ಲ. ಕಾಂಪ್ರಹೆನ್ಶನ್‌ನಲ್ಲಿ ಇಬ್ಬರೂ ಪ್ರಶ್ನೆ ಮೊದಲು ಓದಿ ಆಮೇಲೆ ಪ್ಯಾಸೇಜಿಗೆ ಹೋಗುತ್ತೇವೆ. ರಫ್ ಶೀಟಿನಲ್ಲಿ ದ್ಯಾನ್, ಮೋಸ್ಟ್, ಲೆಸ್, ಅನ್‌ಲೈಕ್, ವೇರ್‌ಆ್ಯಸ್ ಎಷ್ಟನೇ ಪ್ಯಾರಾದಲ್ಲಿ ಇವೆ ಅಂತ ಬರೆದುಕೊಳ್ಳುತ್ತೇವೆ. ಪರೀಕ್ಷೆ ಕಂಪ್ಯೂಟರಿನಲ್ಲಿ, ಪುಸ್ತಕದಲ್ಲಿ ಗೆರೆ ಎಳೆದ ಹಾಗೆ ಸ್ಕ್ರೀನಿನ ಮೇಲೆ ಎಳೆಯೋಕೆ ಆಗುವುದಿಲ್ಲ, ಅದಕ್ಕೇ ಈ ಉಪಾಯ. ಪ್ಯಾಸೇಜ್ ಮೊದಲು ಮುಗಿಸುವುದಾ, ಕೊನೆಗೆ ಇಡುವುದಾ ಅನ್ನುವುದರಲ್ಲಿ ಮಾತ್ರ ಒಮ್ಮತ ಇಲ್ಲ. ಅವಳು ಕೊನೆಗೆ ಇಡುತ್ತಾಳೆ. ಸಮಯ ಕಡಿಮೆ ಇದ್ದಾಗ ಆಯ್ಕೆಗಳು ಇನ್ನೂ ನಿಜದಂತೆ ಕಾಣುತ್ತವೆ, ಹಾಗಾಗಿ ನಾನು ಮೊದಲು ಮಾಡುತ್ತೇನೆ.

'ದ ಮೋರ್... ದ ಮೋರ್' ಮಾದರಿ ಇನ್ನೂ ಬಾಯಿಗೆ ಕೂತಿಲ್ಲ. ಎರಡೂ ಕಡೆ ದ ಬೇಕು, ಎರಡೂ ಕಡೆ ಕಂಪ್ಯಾರಟಿವ್ ಬೇಕು. 'ದ ಹೆವಿಯರ್ ದ ರೇನ್, ದ ಸ್ಲೋವರ್ ದ ನೆಟ್‌ವರ್ಕ್' ಅಂತ ಗೋಡೆ ಮೇಲೆ ಅಂಟಿಸಿದ್ದೇನೆ. ಕ್ಲೋಜ್ ಟೆಸ್ಟ್ (ಪ್ಯಾಸೇಜಿನಲ್ಲಿ ಬಿಟ್ಟ ಜಾಗ ತುಂಬುವುದು) ಕಡೆ ಸುಮ್ನೆ ಕಣ್ಣು ಹಾಯಿಸಿ ಬಿಟ್ಟಿದ್ದೇವೆ, ಅದು ಸೆಪ್ಟೆಂಬರ್ ಕೆಲಸ. ಮುಂದಿನ ಪ್ಯಾಸೇಜ್ ಗೆಳತಿಯದು, ಕಾವೇರಿ ಮತ್ತು ಕೃಷ್ಣಾ ನದಿಗಳ ಮೇಲೆ. ಸುಮಾರು 800 ಕಿಲೋಮೀಟರಿನ ಕಾವೇರಿಯನ್ನು ಸುಮಾರು 1,400 ಕಿಲೋಮೀಟರಿನ ಕೃಷ್ಣೆಯ ಪಕ್ಕದಲ್ಲಿಟ್ಟು ದ್ಯಾನ್ ಅನ್ನುವ ಪದವನ್ನೇ ಬಳಸದೆ ಪೂರ್ತಿ ಪ್ಯಾಸೇಜ್ ಬರೆಯಬೇಕು, ಬರೀ ಆ್ಯಸ್, ಟ್ವೈಸ್, ಹಾಫ್, ಅನ್‌ಲೈಕ್ ಅಂತ ಹೇಳಿದ್ದೇನೆ. ಭಾನುವಾರದೊಳಗೆ ಕಳಿಸುತ್ತೇನೆ ಅಂದಿದ್ದಾಳೆ, ಕರೆಂಟ್ ಇದ್ದರೆ.