ಓಪನ್ ಟಾಪ್ ಕಾರಲ್ಲಿ ಲ್ಯಾಂಕಾಸ್ಟರ್ ಕಡೆ ಹೋಗೋರಿಗೆ: ಆಮಿಶ್ ಊರಲ್ಲಿ ನಮಗಾದ ಅನುಭವ

ನ್ಯೂಜೆರ್ಸಿಲಿ ಸ್ಪೋರ್ಟ್ಸ್ ಕಾರ್ ಇಟ್ಕೊಂಡಿರೋ ನಮ್ಮ ಕನ್ನಡದ ಗೆಳೆಯರು ಅಕ್ಟೋಬರ್ ಬಂತು ಅಂದ್ರೆ ಬೆಟ್ಟದ ಕಡೆ ಓಡ್ತಾರೆ, ಎಲೆ ಬಣ್ಣ ನೋಡೋಕೆ. ಚೆನ್ನಾಗೇ ಇರುತ್ತೆ, ಬೇಡ ಅನ್ನಲ್ಲ. ಆದ್ರೆ ಒಂದು ಸಲ ಟಾಪ್ ಬಿಚ್ಕೊಂಡು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಗೆ ಹೋಗ್ಬನ್ನಿ ಅಂತ ಎಲ್ರಿಗೂ ಹೇಳ್ತಾ ಇದೀನಿ, ಯಾಕಂದ್ರೆ ಅಲ್ಲಿನ ಆಮಿಶ್ ಜನ, ಅಂದ್ರೆ ಸ್ವಂತ ಕಾರು, ಕರೆಂಟ್ ಲೈನ್ ಎಲ್ಲ ದೂರ ಇಟ್ಟು ಹಳೇ ರೀತಿಲಿ ಬದುಕೋ ಕ್ರೈಸ್ತ ಪಂಗಡದವರು, ನಮ್ಮ ಜೊತೆ ನಡ್ಕೊಂಡ ರೀತಿ ನಾನಂತೂ ಮರೆಯಲ್ಲ.

ನಾವು ಹೋಗಿದ್ದು ಮೂರು ಕಾರು. ನನ್ನದು 1996ರ ಮಿಯಾಟಾ, ಮಾಜ್ದಾ ಕಂಪನಿಯ ಎರಡು ಸೀಟಿನ ಬಟ್ಟೆ ಟಾಪ್ ಕಾರು, ಉಳಿದ ಇಬ್ಬರದು ಹೊಸವು. ಎಡಿಸನ್ ಇಂದ ಬೆಳಗ್ಗೆ ಏಳಕ್ಕೇ ಹೊರಟ್ವಿ, ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಅನ್ನೋ ಟೋಲ್ ಹೆದ್ದಾರಿ ಹಿಡಿದು 298ನೇ ಎಕ್ಸಿಟ್ ಮಾರ್ಗನ್‌ಟೌನ್‌ನಲ್ಲಿ ಇಳಿದು ರೂಟ್ 10ರಲ್ಲಿ ದಕ್ಷಿಣಕ್ಕೆ ಬಂದು ಕಾಂಪಾಸ್ ಹತ್ರ ರೂಟ್ 340 ಹಿಡಿದ್ವಿ. ಅಲ್ಲಿಂದ ಪಶ್ಚಿಮಕ್ಕೆ ವೈಟ್ ಹಾರ್ಸ್, ಮುಂದೆ ಬರ್ಡ್ ಇನ್ ಹ್ಯಾಂಡ್, ಆಮೇಲೆ 896ರಲ್ಲಿ ಸ್ಟ್ರಾಸ್‌ಬರ್ಗ್. ಎರಡೂವರೆ ಗಂಟೆ ಇಟ್ಕೊಳ್ಳಿ. ಜಿಪಿಎಸ್ ನಿಮ್ಮನ್ನ ರೂಟ್ 30ಕ್ಕೆ ಎಳೆಯುತ್ತೆ, ಅಲ್ಲಿ ಔಟ್ಲೆಟ್ ಮಾಲು ಟ್ರಾಫಿಕ್ಕು ಬಿಟ್ರೆ ಏನಿಲ್ಲ, ಹೋಗ್ಬೇಡಿ.

ದಿನ ಯಾವುದು ಅನ್ನೋದು ಮುಖ್ಯ. ಭಾನುವಾರ ಆಮಿಶರ ಅಂಗಡಿ ಒಂದೂ ತೆಗೆಯಲ್ಲ. ಅವರಿಗೆ ಚರ್ಚ್ ಅಂತ ಬೇರೆ ಕಟ್ಟಡ ಇಲ್ಲ, ವಾರ ಬಿಟ್ಟು ವಾರ ಒಬ್ಬೊಬ್ಬರ ಮನೇಲಿ ಸೇರ್ತಾರೆ, ಅವತ್ತು ಸಣ್ಣ ರಸ್ತೆಗಳಲ್ಲೆಲ್ಲ ಬಗ್ಗಿ ಅನ್ನೋ ಅವರ ಕುದುರೆ ಗಾಡಿಗಳ ಸಾಲೇ ಇರುತ್ತೆ, ಆ ದಿನ ನಮ್ಮ ಕಾರು ಅಲ್ಲಿ ಸುತ್ತೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಶನಿವಾರ ಹೋಗಿ, ರಜ ಇದ್ರೆ ವಾರದ ಮಧ್ಯೆ ಇನ್ನೂ ಒಳ್ಳೇದು.

ಈಗ ಗಾಡಿ ಓಡಿಸೋ ವಿಷಯ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಆ ಕೌಂಟಿ ಸುತ್ತಮುತ್ತ 40 ಸಾವಿರಕ್ಕೂ ಹೆಚ್ಚು ಆಮಿಶ್ ಜನ ಇದಾರೆ, ಸ್ವಂತ ಕಾರು ಇಟ್ಕೊಳ್ಳಲ್ಲ, ಬೂದು ಬಣ್ಣದ ಬಗ್ಗಿ ಗಂಟೆಗೆ ಎಂಟತ್ತು ಮೈಲಿಲಿ ಹೋಗ್ತಿರುತ್ತೆ, ಹಿಂದೆ ಕಿತ್ತಳೆ ತ್ರಿಕೋನ ಹಾಕಿರ್ತಾರೆ. ನೀವು 45 ಮೈಲಿ ಸ್ಪೀಡಲ್ಲಿ ಏರು ಹತ್ತಿ ಆ ಕಡೆ ಇಳಿಯೋಷ್ಟರಲ್ಲಿ ಮುಂದೆ ಬಗ್ಗಿ ಬಂದ್ಬಿಡುತ್ತೆ, ಅದಕ್ಕೇ ಎದುರು ಕಾಣದ ಏರಲ್ಲಿ ಮೊದಲೇ ಸ್ಪೀಡ್ ಇಳಿಸಿ. ಹಿಂದೆ ಸಿಕ್ಕಿಹಾಕಿಕೊಂಡ್ರೆ ಎರಡನೇ ಗೇರಲ್ಲಿ ಸುಮ್ನೆ ಹೋಗ್ತಾ ಇರಿ, ಅಂತರ ಬಿಡಿ, ರಸ್ತೆ ಪೂರ್ತಿ ಕಂಡ ಮೇಲೆ ದೂರದಿಂದ ಸುತ್ತು ಹಾಕಿ ದಾಟಿ, ದಾಟಿದ ತಕ್ಷಣ ಕುದುರೆ ಮೂತಿ ಮುಂದೆ ಕಾರು ತಿರುಗಿಸ್ಬೇಡಿ. ಹಾರ್ನ್ ಬೇಡ. ಗೇರ್ ಇಳಿಸುವಾಗ ಆಕ್ಸಿಲರೇಟರ್ ಒದ್ದು ಭರ್ ಅನ್ನಿಸೋ ಅಭ್ಯಾಸ ನಮಗೆಲ್ಲ ಇದೆ, ಅಲ್ಲಿ ಬೇಡವೇ ಬೇಡ. ಆ ಕುದುರೆಗಳಲ್ಲಿ ಬಹಳಷ್ಟು ಸ್ಟ್ಯಾಂಡರ್ಡ್‌ಬ್ರೆಡ್ ತಳಿ, ಗಾಡಿ ರೇಸಲ್ಲಿ ಓಡಿ ರಿಟೈರ್ ಆದವು, ಟ್ರಾಫಿಕ್ಕಿಗೆ ಹೊಂದ್ಕೊಂಡಿರ್ತವೆ ನಿಜ, ಆದ್ರೂ ಎಕ್ಸಾಸ್ಟ್ ಪಟಪಟ ಅಂದ್ರೆ ಬೆಚ್ಚಿಬೀಳ್ತವೆ, ಒಳಗೆ ಹಸುಗೂಸು ಇಟ್ಕೊಂಡು ತಾಯಿ ಕೂತಿರ್ತಾಳೆ. ಇನ್ನೊಂದು, ರಸ್ತೆ ಮೇಲೆ ಕುದುರೆ ಲದ್ದಿ ಬಿದ್ದಿರುತ್ತೆ, ತಗ್ಗು ಕಾರಿಗೆ ತಳಕ್ಕೆಲ್ಲ ಸಿಡಿಯುತ್ತೆ, ತಿರುವಲ್ಲಿ ಟೈರ್ ಜಾರುತ್ತೆ.

ಹೀಗೆ ನಿಧಾನಕ್ಕೆ ಹೋದ್ರೆ ಏನಾಗುತ್ತೆ ಗೊತ್ತಾ, ಸ್ಟಾಪ್ ಸೈನ್ ಹತ್ರ ಟಾಪ್ ಇಲ್ಲದ ಕಾರೂ ಬಾಗಿಲು ತೆರೆದಿರೋ ಬಗ್ಗಿಯೂ ಎದುರುಬದುರು ನಿಂತಾಗ ಮಧ್ಯೆ ಗಾಜೇ ಇರಲ್ಲ. ಎಸ್‌ಯುವಿಲಿ ಎಷ್ಟೋ ಸಲ ಆ ಕಡೆ ಹೋಗಿದೀನಿ, ಒಬ್ಬರೂ ಮಾತಾಡಿಸಿರಲಿಲ್ಲ. ಮಿಯಾಟಾದಲ್ಲಿ ಹೋದ ದಿನ ಒಬ್ಬ ಅಜ್ಜ ಲಗಾಮು ಹಿಡಿದಿದ್ದ ಕೈಯಿಂದಲೇ ಎರಡು ಬೆರಳು ಎತ್ತಿ, ಒಳ್ಳೆ ಬಿಸಿಲು ಅಲ್ವಾ ಅಂತ ಕೇಳಿದ್ರು. ತಳ್ಳೋ ಸ್ಕೂಟರ್ ಮೇಲೆ ಬರ್ತಿದ್ದ ಹುಡುಗರು ನಿಂತು ಕೈಬೀಸಿದ್ರು.

ಮಧ್ಯಾಹ್ನ ಸ್ಟ್ರಾಸ್‌ಬರ್ಗ್ ದಾಟಿ ಮೂರ್ನಾಲ್ಕು ಮೈಲಿ ಹೋಗಿದ್ವಿ, ಗೆಳೆಯನ ಕಾರು ಎಡಕ್ಕೆ ಎಳೀತಿದೆ ಅಂತ ಫೋನ್ ಮಾಡಿದ. ನೋಡಿದ್ರೆ ಮುಂದಿನ ಟೈರಲ್ಲಿ ಲಾಳದ ಮೊಳೆ, ತಲೆ ಮಾತ್ರ ಕಾಣ್ತಿತ್ತು. ಈಗಿನ ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಟೆಪ್ನಿ ಕೊಡೋದು ಕಮ್ಮಿ, ನನ್ನ ಸ್ಟೆಪ್ನಿ ಅವನಿಗೆ ಆಗಲ್ಲ. ಪಂಕ್ಚರ್ ಹಾಕೋ ಕಿಟ್ ಇತ್ತು, ಗಾಳಿ ಪಂಪ್ ಗ್ಯಾರೇಜಲ್ಲೇ ಬಿಟ್ಟು ಬಂದಿದ್ವಿ. ನಾವು ಟೈರ್ ಹತ್ರ ಕೂತು ನೋಡ್ತಿರೋವಾಗ ಎದುರಿನ ಶೆಡ್ಡಿಂದ ಐವತ್ತೈವತ್ತೈದರ ಒಬ್ಬರು ಬಂದ್ರು, ಹುಲ್ಲಿನ ಟೋಪಿ, ಮೀಸೆ ಇಲ್ಲದ ಗಡ್ಡ. ಟೈರ್ ನೋಡಿ, ಇದು ನಮ್ಮ ಕುದುರೆದೇ ಇರ್ಬೇಕು, ಒಳಗೆ ತನ್ನಿ ಅಂದ್ರು.

ಅದು ಬಗ್ಗಿ ರಿಪೇರಿ ಮಾಡೋ ಶೆಡ್ಡು. ಕರೆಂಟ್ ಕಂಬದಿಂದ ಒಂದು ವೈರೂ ಒಳಗೆ ಬಂದಿಲ್ಲ. ಆದ್ರೆ ಹಿಂದುಗಡೆ ಡೀಸೆಲ್ ಇಂಜಿನ್ನು, ಅದಕ್ಕೆ ಕಂಪ್ರೆಸರ್, ಅಲ್ಲಿಂದ ಗೋಡೆ ಉದ್ದಕ್ಕೂ ಗಾಳಿ ಪೈಪು, ಡ್ರಿಲ್ಲು ಸ್ಯಾಂಡರು ಎಲ್ಲ ಗಾಳಿಲೇ ಓಡೋದು. ಹೊರಗಿನ ಲೈನ್‌ಗೆ ಅಂಟ್ಕೊಂಡ್ರೆ ಅದರ ಹಿಂದೆ ಟಿವಿ, ಇನ್ನೊಂದು ಮತ್ತೊಂದು ಅಂತ ಎಲ್ಲ ಮನೆಗೆ ಬರುತ್ತೆ, ಊರಿನ ಜನ ಒಬ್ಬರಿಗೊಬ್ಬರು ಬೇಕಾಗಲ್ಲ ಅಂತ ವಿವರಿಸಿದ್ರು. ನಾವು ಪಂಕ್ಚರ್ ಹಾಕಿದ್ವಿ, ಅವರು ಗಾಳಿ ಹೊಡೆದು, ಎಂಜಲು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿದ್ರು, ನಮ್ಮೂರ ಸೈಕಲ್ ಶಾಪಲ್ಲಿ ಮಾಡ್ತಿದ್ದ ಹಾಗೇ.

ಆಮೇಲೆ ನನ್ನ ಕಾರಿನ ಹತ್ರ ಬಂದ್ರು. ಬೋನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಮಡಚಿಟ್ಟಿದ್ದ ಟಾಪ್ ಎತ್ತಬಹುದಾ ಅಂತ ಕೇಳಿ, ಎತ್ತಿದ ಮೇಲೆ ಹೊಲಿಗೆ ಉದ್ದಕ್ಕೂ ಹೆಬ್ಬೆರಳು ಒತ್ತಿಕೊಂಡು ಹೋದ್ರು, ಡ್ರೈವರ್ ಕಿಟಕಿ ಮೇಲಿನ ಮಡಿಕೆ ಹತ್ರ ಬೆರಳು ನಿಂತ್ತು. ಇಲ್ಲಿ ನೀರು ಬರುತ್ತಲ್ಲ ಅಂದ್ರು. ಎರಡು ಮಳೆಗಾಲದಿಂದ ಅಲ್ಲೇ ನನ್ನ ಭುಜ ನೆನೀತಾ ಇತ್ತು! ಬಗ್ಗಿ ಟಾಪ್ ಹೊಲಿಯೋದೇ ಅವರ ಕಸುಬಂತೆ. ಒದ್ದೆ ಇರೋವಾಗ ಮಡಚಬೇಡಿ, ಚಳಿಲಿ ಹಿಂದಿನ ಪ್ಲಾಸ್ಟಿಕ್ ಕಿಟಕಿ ಜಿಪ್ ಬಿಚ್ಚಿ ಚಪ್ಪಟೆ ಮಲಗಿಸಿ ಆಮೇಲೆ ಟಾಪ್ ಇಳಿಸಿ, ಇಲ್ಲಾಂದ್ರೆ ಸೀಳುತ್ತೆ ಅಂತ ಹೇಳಿಕೊಟ್ರು.

ಮಾತು ಅಲ್ಲಿಂದ ಊರಿಗೆ ಹೋಯ್ತು. ನಮ್ಮದು ಪಿರಿಯಾಪಟ್ಟಣದ ಕಡೆ, ಅವರ ಕೊಟ್ಟಿಗೆಲಿ ಹೊಗೆಸೊಪ್ಪು ತಲೆಕೆಳಗಾಗಿ ನೇತಾಡ್ತಿದ್ದದ್ದು ನೋಡಿ ನನಗೆ ಗಂಟಲು ಕಟ್ತು. ಅವರದು ಹಲಗೆ ಸಂದಿ ತೆಗೆದು ಬರೀ ಗಾಳಿಲಿ ಒಣಗಿಸೋದು, ನಮ್ಮಲ್ಲಿ ಸೊಪ್ಪು ಬೇಯಿಸೋ ಬ್ಯಾರನ್ ಮನೆಗೆ ಸೌದೆ ಹಾಕಿ ರಾತ್ರಿಯೆಲ್ಲ ಕಾಯೋದು ಅಂದಾಗ, ಅಷ್ಟು ಸೌದೆ ಎಲ್ಲಿಂದ ತರ್ತೀರಿ ಅಂತ ನಿಜವಾದ ಕಾಳಜಿಯಿಂದ ಕೇಳಿದ್ರು. ನಮ್ಮ ತಾತ ಎತ್ತಿಗೆ ಲಾಳ ಕಟ್ಟಿಸ್ತಿದ್ರು, ಎತ್ತನ್ನ ಹಗ್ಗ ಹಾಕಿ ಕೆಡವಿ ನಾಲ್ಕೂ ಕಾಲು ಕಟ್ಟಿ, ಸೀಳು ಗೊರಸಿಗೆ ಎರಡೆರಡು ತುಂಡು ಹೊಡೆಯೋದು ಅಂದೆ. ಅವರು ಮಗನ್ನ ಕರೆದು, ಅವರ ಪೆನ್ಸಿಲ್ವೇನಿಯಾ ಡಚ್ ಅನ್ನೋ ಜರ್ಮನ್ ಮೂಲದ ಭಾಷೆಲಿ ಅದನ್ನ ಮತ್ತೆ ಹೇಳಿದ್ರು, ಹುಡುಗ ನೆಲದ ಧೂಳಲ್ಲಿ ಗೊರಸು ಬರೆದು ಹೀಗಾ ಅಂತ ತೋರಿಸಿದ. ಹಾಗೇ!

ಗೆಳೆಯ ಹುಡುಗನ್ನ ಒಂದು ರೌಂಡ್ ಕರ್ಕೊಂಡು ಹೋಗ್ಲಾ ಅಂದ. ಅಪ್ಪ ನಗ್ತಾನೇ ಬೇಡ ಅಂದ್ರು. ಬಾಡಿಗೆ ವ್ಯಾನಲ್ಲಿ ಅವರೂ ಓಡಾಡ್ತಾರೆ, ಕೆಲಸಕ್ಕೆ ಆಸ್ಪತ್ರೆಗೆ ಅಂತ, ಮೆರೆಯೋಕೆ ಅಂತ ಕಾರು ಹತ್ತೋದು ಅವರ ಮಾತಲ್ಲಿ ಹೋಖ್‌ಮೂಟ್, ಅಂದ್ರೆ ಅಹಂಕಾರ. ನೀವು ಒಂದ್ಸಲವೂ ಕೇಳ್ಬೇಡಿ, ಪಾಪ ಬೇಡ ಅನ್ನೋ ಮುಜುಗರ ಅವರಿಗ್ಯಾಕೆ. ಫೋಟೋನೂ ಅಷ್ಟೇ, ಮುಖ ತೆಗೀಬಾರದು, ಡ್ರೋನ್ ಅಂತೂ ಮನೇಲೇ ಬಿಡಿ. ಹೊಲ, ಗಾಡಿ, ಕಾರು ಬೇಕಾದಷ್ಟು ತೆಗೀರಿ.

ದುಡ್ಡು ಕೊಟ್ರೆ ತಗೊಳ್ಳಲಿಲ್ಲ. ಮನೆ ಮುಂದೆ ಅವರ ಹೆಂಡತಿ ಇಟ್ಟಿದ್ದ ಸ್ಟ್ಯಾಂಡಲ್ಲಿ ಉಪ್ಪಿನಕಾಯಿ, ಆಪಲ್ ಬಟರ್, ಮನೇಲೇ ಮಾಡಿದ ರೂಟ್ ಬಿಯರ್ ತಗೊಂಡ್ವಿ, ಹೆಸರಲ್ಲಿ ಬಿಯರ್ ಇದ್ರೂ ಅದು ಸಿಹಿ ತಂಪು ಪಾನೀಯ, ಅಲ್ಲಿ ಮಕ್ಕಳೂ ಕುಡೀತಾರೆ. ಇಂಥ ಕಡೆ ಕ್ಯಾಶೇ ಬೇಕು, ಐದು ಹತ್ತರ ನೋಟು ಇಟ್ಕೊಳ್ಳಿ. ಶುದ್ಧ ಸಸ್ಯಾಹಾರಿಗಳು ಪೈ ತಗೊಳ್ಳೋ ಮುಂಚೆ ಲಾರ್ಡ್ ಹಾಕಿದೀರಾ ಅಂತ ಕೇಳಿ, ಎಷ್ಟೋ ಜನ ಹಂದಿ ಕೊಬ್ಬಲ್ಲೇ ಹಿಟ್ಟು ಕಲಸ್ತಾರೆ, ಕೇಳಿದ್ರೆ ಬೇಜಾರಿಲ್ಲದೆ ಹೇಳ್ತಾರೆ.

ಮನೆಗೆ ಬಂದ ಮೇಲೆ ಕಾಗದ ಬರೆದೆ, ಕೈಬರಹದಲ್ಲೇ, ಜೊತೆಗೆ ಎತ್ತಿನ ಲಾಳದ ಚಿತ್ರ ಬರೆದು ಹಾಕಿದ್ದೆ. ಮೂರು ವಾರಕ್ಕೆ ಉತ್ತರ ಬಂತು. ಹಾಳೆ ಮಡಿಕೆ ಒಳಗೆ ಬೂದು ಬಣ್ಣದ ಬಗ್ಗಿ ಟಾಪ್ ಬಟ್ಟೆದು ಅಂಗೈ ಅಗಲದ ತುಂಡು, ಡ್ರೈವರ್ ಕಡೆ ಮಡಿಕೆಗೆ ಒಳಗಿಂದ ಹಚ್ಚಿ ಅಂತ ಬರೆದಿದ್ರು. ಹಚ್ಚಿದೆ, ಆಮೇಲೆ ಮಳೆ ಒಳಗೆ ಬಂದಿಲ್ಲ.